ಗಿಟಾರ್ ಪ್ರೊಸೆಸರ್‌ನ ಆಯ್ಕೆ: ಮನೆಯ ಅಭ್ಯಾಸಕ್ಕೆ, ಜಾತ್ರೆಯ ವೇದಿಕೆಗೆ

ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕಂಪನವನ್ನು ಪಿಕಪ್ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಆ ಸಂಕೇತ ಬಲು ಕ್ಷೀಣ. ಅದರಲ್ಲಿ ಗಡಸುತನವಾಗಲಿ ಗುಂಗಾಗಲಿ ಇರುವುದಿಲ್ಲ. ಅದನ್ನು ಒರಟುಗೊಳಿಸುವ ಡಿಸ್ಟಾರ್ಶನ್, ಮರುದನಿ ಕೊಡುವ ಡಿಲೇ, ಗುಡಿಯೊಳಗಿನ ಗುಂಗನ್ನು ತರುವ ರಿವರ್ಬ್, ದನಿಯನ್ನು ಅಲೆಯಾಡಿಸುವ ಕೋರಸ್ ಇವೆಲ್ಲ ಮೊದಲು ಆಂಪ್ಲಿಫೈಯರ್ ಮತ್ತು ಬಿಡಿ ಪೆಡಲ್‌ಗಳ ಕೆಲಸವಾಗಿದ್ದವು. ಅಷ್ಟನ್ನೂ ಒಂದೇ ಪೆಟ್ಟಿಗೆಯಲ್ಲಿ ಡಿಜಿಟಲ್ ಲೆಕ್ಕಾಚಾರದಿಂದ ಮಾಡಿ, ನೆಲದ ಮೇಲಿಟ್ಟು ಕಾಲಿನಿಂದ ಬದಲಿಸುವಂತೆ ರೂಪಿಸಿದ ಯಂತ್ರ ಮಲ್ಟಿ ಇಫೆಕ್ಟ್ಸ್. ಆರ್ಕೆಸ್ಟ್ರಾದವರ ಬಾಯಲ್ಲಿ ಅದು ಗಿಟಾರ್ ಪ್ರೊಸೆಸರ್.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಸೀಮೆಯಲ್ಲಿ ಗಿಟಾರಿಗೆ ಎರಡು ನೆಲೆಗಳಿವೆ. ಒಂದು ಮನೆಯ ಕೋಣೆ. ಇನ್ನೊಂದು ಜಾತ್ರೆ, ಗಣೇಶೋತ್ಸವ, ಮದುವೆಗಳ ರಸಮಂಜರಿ ವೇದಿಕೆ. ಎರಡಕ್ಕೂ ಒಂದೇ ಪ್ರೊಸೆಸರ್ ಸಾಕೇ, ಸಾಕಾದರೆ ಅದು ಎಂಥದ್ದಿರಬೇಕು ಎಂಬುದು ಪ್ರಶ್ನೆ. ಜಾಹೀರಾತುಗಳು ಇಫೆಕ್ಟುಗಳ ಎಣಿಕೆಯನ್ನು ಮುಂದಿಡುತ್ತವೆ. ಆದರೆ ಆಯ್ಕೆಯನ್ನು ನಿರ್ಧರಿಸುವ ಸಂಗತಿಗಳು ಮೂರು: ಪೆಟ್ಟಿಗೆಯಿಂದ ಹೊರಟ ವೈರು ಎಲ್ಲಿಗೆ ಹೋಗಿ ಸೇರುತ್ತದೆ, ಹಾಡಿನ ನಡುವೆ ಕಾಲಿಗೆ ಎಷ್ಟು ಕೆಲಸ ಬೀಳುತ್ತದೆ, ಕರೆಂಟು ಎಲ್ಲಿಂದ ಬರುತ್ತದೆ.

ಯಂತ್ರ ಬೆಳೆದು ಬಂದ ಬಗೆ

1970ರ ದಶಕದಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಬಾಸ್ ಹೆಸರಿನ ಬಿಡಿ ಪೆಡಲ್‌ಗಳು ಜಗತ್ತಿನೆಲ್ಲೆಡೆ ಹರಡಿದವು. ಅದೇ ಬಾಸ್ 1988ರಲ್ಲಿ ಎಂಇ-5 ಎಂಬ ನೆಲದ ಮಲ್ಟಿ ಇಫೆಕ್ಟ್ಸ್ ಹೊರತಂದಿತು. 1990ರ ದಶಕದಲ್ಲಿ ಝೂಮ್ ಕಂಪನಿಯ 505 ಅಂಗೈಯಗಲದ ಪೆಟ್ಟಿಗೆಯಲ್ಲಿ, ಕಡಿಮೆ ಬೆಲೆಗೆ ಅದೇ ಕೆಲಸ ಮಾಡಿ ಕಲಿಯುವವರ ಕೈಗೆ ಎಟುಕಿತು. ಈ ಪೀಳಿಗೆಯ ಯಂತ್ರಗಳು ದನಿಗೆ ಬಣ್ಣ ಹಚ್ಚುತ್ತಿದ್ದವು. ಆಂಪ್ಲಿಫೈಯರಿನ ಸ್ಥಾನವನ್ನು ಸರಿಯಾಗಿ ತುಂಬುತ್ತಿರಲಿಲ್ಲ. ಅವುಗಳ ಡಿಸ್ಟಾರ್ಶನ್ ನೇರ ಮಿಕ್ಸರಿಗೆ ಹೋದರೆ ಜೇನುನೊಣ ಗುಂಯ್‌ಗುಟ್ಟಿದಂತೆ ಕೇಳುತ್ತಿತ್ತು.

1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂದ ಮೇಲೆ ಹೆಸರಾಂತ ಆಂಪ್ಲಿಫೈಯರ್‌ಗಳ ನಡವಳಿಕೆಯನ್ನೇ ಲೆಕ್ಕದಲ್ಲಿ ಅನುಕರಿಸುವ ಮಾಡೆಲಿಂಗ್ ಸಾಮಾನ್ಯವಾಯಿತು. 2006ರಲ್ಲಿ ಫ್ರ್ಯಾಕ್ಟಲ್‌ನ ಆಕ್ಸ್-ಎಫ್‌ಎಕ್ಸ್, 2011ರಲ್ಲಿ ನಿಜವಾದ ಆಂಪ್ಲಿಫೈಯರಿನ ದನಿಯನ್ನು ಅಳೆದು ನಕಲಿಳಿಸುವ ಕೆಂಪರ್, 2015ರಲ್ಲಿ ಲೈನ್ 6ರ ಹೀಲಿಕ್ಸ್, 2021ರಲ್ಲಿ ನ್ಯೂರಲ್ ಡಿಎಸ್‌ಪಿಯ ಕ್ವಾಡ್ ಕಾರ್ಟೆಕ್ಸ್ ಬಂದವು. ದುಬಾರಿ ಯಂತ್ರಗಳಲ್ಲಿದ್ದ ತಂತ್ರ ಕೆಲವೇ ವರ್ಷಗಳಲ್ಲಿ ಅಗ್ಗದವುಗಳಿಗೆ ಇಳಿಯಿತು. ಝೂಮ್, ಬಾಸ್‌ಗಳ ಜೊತೆಗೆ ಚೀನಾದ ಮೂರ್, ಎನ್‌ಯುಎಕ್ಸ್, ಹಾಟೋನ್, ವಾಲೆಟನ್ ಕಂಪನಿಗಳು ಈಗ ಆಂಪ್ ಮತ್ತು ಸ್ಪೀಕರ್ ಎರಡರ ಅನುಕರಣೆಯನ್ನೂ ಸಾಧಾರಣ ಬೆಲೆಯಲ್ಲಿ ಕೊಡುತ್ತವೆ. ಹೀಗಾಗಿ ದನಿ ಚೆನ್ನಾಗಿದೆಯೇ ಎಂಬ ಹಳೆಯ ಪ್ರಶ್ನೆಯ ತೂಕ ಕಡಿಮೆಯಾಗಿ, ಕೆಲಸಕ್ಕೆ ಒಗ್ಗುತ್ತದೆಯೇ ಎಂಬ ಪ್ರಶ್ನೆ ಮುಂದೆ ಬಂದಿದೆ.

ಈ ಸೀಮೆಯ ವೇದಿಕೆ

ಈ ಭಾಗದ ವೇದಿಕೆಗಳ ಸಂಗೀತ ಪೇಟಿಯ, ಅಂದರೆ ಹಾರ್ಮೋನಿಯಂನ ಸುತ್ತ ಬೆಳೆದದ್ದು. ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರಂಥ ನಟ-ಗಾಯಕರ ಕಂಪನಿ ನಾಟಕಗಳಲ್ಲಿ ಕಾಲುಪೇಟಿ, ತಬಲಾಗಳೇ ಮೇಳ. ಭಜನಾ ಮಂಡಳಿಗಳಲ್ಲಿ ಇಂದಿಗೂ ಪೇಟಿಯೇ ಶ್ರುತಿಯ ಆಧಾರ. ಗಿಟಾರು ಇಲ್ಲಿಗೆ ಬಂದದ್ದು ಹೆಚ್ಚಾಗಿ ಸಿನಿಮಾ ಹಾಡಿನ ಬೆನ್ನು ಹತ್ತಿ. ಇಳಯರಾಜ ಸಂಗೀತದ 1981ರ ‘ಗೀತಾ’, ಹಂಸಲೇಖ ಸಂಗೀತದ 1987ರ ‘ಪ್ರೇಮಲೋಕ’, ಮನೋಮೂರ್ತಿ ಸಂಗೀತದ 2006ರ ‘ಮುಂಗಾರು ಮಳೆ’ ಚಿತ್ರಗಳ ಹಾಡುಗಳನ್ನು ಕೇಳುಗರು ಧ್ವನಿಮುದ್ರಿಕೆಯಲ್ಲಿದ್ದಂತೆಯೇ ನಿರೀಕ್ಷಿಸುತ್ತಾರೆ. ಒಂದೇ ಸಂಜೆಯಲ್ಲಿ ಭಾವಗೀತೆ, ಜನಪದ, ಹಳೆಯ ಚಿತ್ರಗೀತೆ, ಹೊಸ ಕುಣಿತದ ಹಾಡು ಒಂದರ ಹಿಂದೊಂದು ಬರುತ್ತವೆ. ಪ್ರೊಸೆಸರ್ ಇಲ್ಲಿ ಅಲಂಕಾರವಾಗಿ ಉಳಿಯದೆ ಅಗತ್ಯವಾಗಿರುವುದು ಈ ಕಾರಣಕ್ಕೆ.

ರಸಮಂಜರಿ ತಂಡದಲ್ಲಿ ಸಾಮಾನ್ಯವಾಗಿ ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ ಅಥವಾ ಢೋಲಕ್, ಬೇಸ್ ಗಿಟಾರ್, ಗಿಟಾರ್, ಇಬ್ಬರು ಮೂವರು ಗಾಯಕರು ಇರುತ್ತಾರೆ. ಗಿಟಾರಿಗೆಂದು ಬೇರೆ ಆಂಪ್ಲಿಫೈಯರ್ ವೇದಿಕೆಯ ಮೇಲೆ ಇರುವುದು ಅಪರೂಪ. ಎಲ್ಲ ವಾದ್ಯಗಳ ವೈರುಗಳೂ ಸೌಂಡ್ ಸಿಸ್ಟಮ್‌ನವರ ಮಿಕ್ಸರಿಗೆ ಸೇರಿ, ಅಲ್ಲಿಂದ ದೊಡ್ಡ ಬಾಕ್ಸುಗಳಿಗೆ ಹೋಗುತ್ತವೆ. 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಪ್ರತಿವರ್ಷ ನಡೆಯುವ ಕಿತ್ತೂರು ಉತ್ಸವದಂಥ ಸರಕಾರಿ ವೇದಿಕೆಯಲ್ಲಿ ಪ್ರತಿ ವಾದ್ಯಕ್ಕೂ ಅದರ ಸಂಕೇತವನ್ನು ಮಿಕ್ಸರಿಗೆ ಒಗ್ಗಿಸುವ ಡಿಐ ಬಾಕ್ಸ್, ಮಾನಿಟರ್ ಸಿಗಬಹುದು. ಊರ ಓಣಿಯ ಗಣಪತಿ ಮಂಟಪದಲ್ಲಿ ಒಂದು ಸಣ್ಣ ಮಿಕ್ಸರ್, ಎರಡು ಬಾಕ್ಸು ಇದ್ದರೆ ಹೆಚ್ಚು. ಆಯ್ಕೆ ಮಾಡುವ ಯಂತ್ರ ಎರಡನೆಯದರಲ್ಲೂ ನಡೆಯಬೇಕು.

ಹೊರಟ ವೈರಿನ ದಾರಿ

ಗಿಟಾರನ್ನು ನೇರವಾಗಿ ಮಿಕ್ಸರಿಗೆ ಸಿಕ್ಕಿಸಿದರೆ ದನಿ ಮಂಕಾಗುತ್ತದೆ. ಪಿಕಪ್ಪಿಗೆ ಸುಮಾರು 10 ಲಕ್ಷ ಓಮ್ ಪ್ರತಿರೋಧದ ಇನ್‌ಪುಟ್ ಬೇಕು. ಮಿಕ್ಸರಿನ ಲೈನ್ ಇನ್‌ಪುಟ್ಟಿನದು ಸಾಮಾನ್ಯವಾಗಿ ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರ ಓಮ್ ಅಷ್ಟೆ. ಪ್ರೊಸೆಸರ್ ನಡುವೆ ನಿಂತರೆ ಈ ತೊಡಕು ತಾನಾಗಿಯೇ ಬಗೆಹರಿಯುತ್ತದೆ. ಯಾವ ಇಫೆಕ್ಟೂ ಹಾಕದಿದ್ದರೂ ಸಿಗುವ ಮೊದಲ ಲಾಭ ಇದೇ.

ಎರಡನೆಯದು, ಮಿಕ್ಸರನ್ನು ನೆಚ್ಚಿದ ವೇದಿಕೆಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಕ್ಯಾಬಿನೆಟ್ ಸಿಮ್ಯುಲೇಶನ್. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರು ಸುಮಾರು 5,000 ಹರ್ಟ್ಸ್‌ನಿಂದಾಚೆಯ ಸ್ವರಾಂಶಗಳನ್ನು ಹೆಚ್ಚಾಗಿ ನುಂಗಿಹಾಕುತ್ತದೆ. ಸಭೆಯ ಬಾಕ್ಸುಗಳು ಹಾಗಲ್ಲ. ಅವು 15,000 ಹರ್ಟ್ಸ್ ದಾಟಿಯೂ ನುಡಿಯುತ್ತವೆ. ಹಾಗಾಗಿ ಡಿಸ್ಟಾರ್ಶನ್ ಹುಟ್ಟಿಸುವ ಕರ್ಕಶ ಅಂಶಗಳೆಲ್ಲ ಸೋಸದೆ ಹೊರಬರುತ್ತವೆ. ಸ್ಪೀಕರಿನ ಸೋಸುವಿಕೆಯನ್ನು ಅನುಕರಿಸುವುದೇ ಕ್ಯಾಬಿನೆಟ್ ಸಿಮ್ಯುಲೇಶನ್. ಅದರ ಉತ್ತಮ ರೂಪ ಇಂಪಲ್ಸ್ ರೆಸ್ಪಾನ್ಸ್, ಅಂದರೆ ಐಆರ್: ನಿಜವಾದ ಸ್ಪೀಕರಿನ ಮುಂದೆ ಮೈಕ್ ಇಟ್ಟು ದಾಖಲಿಸಿದ ಕ್ಷಣಮಾತ್ರದ ಧ್ವನಿ ಕಡತ. 2,048 ಮಾದರಿಗಳ ಒಂದು ಐಆರ್ 48,000 ಹರ್ಟ್ಸ್‌ನಲ್ಲಿ ಸುಮಾರು 43 ಮಿಲಿಸೆಕೆಂಡಿನಷ್ಟು ಉದ್ದ. ಹೊರಗಿನ ಐಆರ್ ಕಡತಗಳನ್ನು ತುಂಬಿಕೊಳ್ಳುವ ಸೌಲಭ್ಯ ಈಗ ಮಧ್ಯಮ ಬೆಲೆಯ ಯಂತ್ರಗಳಲ್ಲೂ ಇದೆ. ಆದರೂ ಒಳಗಿರುವ ಕ್ಯಾಬಿನೆಟ್‌ಗಳೇ ಚೆನ್ನಾಗಿದ್ದರೆ ರಸಮಂಜರಿಯ ಕೆಲಸಕ್ಕೆ ಅವು ಸಾಕು. ಔಟ್‌ಪುಟ್ಟನ್ನು ಆಂಪ್ಲಿಫೈಯರಿಗೆ, ಮಿಕ್ಸರಿಗೆ ಎಂದು ಬೇರೆಬೇರೆಯಾಗಿ ಹೊಂದಿಸುವ ಆಯ್ಕೆ ಇರುವ ಯಂತ್ರಗಳಲ್ಲಿ ವೇದಿಕೆಗೆ ಹೋದಾಗ ಅದನ್ನು ಮಿಕ್ಸರಿನ ಕಡೆಗೆ ತಿರುಗಿಸಿರಬೇಕು.

ಮೂರನೆಯದು ಜ್ಯಾಕಿನ ಬಗೆ. ಮಿಕ್ಸರ್ ವೇದಿಕೆಯ ಪಕ್ಕದಲ್ಲೇ ಇದ್ದರೆ ಸಾಮಾನ್ಯ ಗಿಟಾರ್ ವೈರು ಸಾಕು. ಬಯಲಿನ ಜಾತ್ರೆಯಲ್ಲಿ ಅದು 20-30 ಮೀಟರ್ ದೂರ ಇರುವುದುಂಟು. ಅಷ್ಟು ಉದ್ದದ ಸಾಧಾರಣ ವೈರು ಜನರೇಟರ್, ದೀಪಾಲಂಕಾರಗಳ ಗುಂಯ್‌ಗಾಟವನ್ನೆಲ್ಲ ಹೀರಿಕೊಳ್ಳುತ್ತದೆ. ಆಗ ಅಂಥ ಸದ್ದನ್ನು ತಳ್ಳಿಹಾಕುವ ಬ್ಯಾಲನ್ಸ್ಡ್ ಸಂಪರ್ಕ ಬೇಕು. ಬಾಸ್ ಜಿಟಿ-1000, ಹೀಲಿಕ್ಸ್‌ನಂಥವುಗಳಲ್ಲಿ ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇದೆ. ಅಗ್ಗದವುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅದರ ಬದಲಿಗೆ ಟ್ರಾನ್ಸ್‌ಫಾರ್ಮರ್ ಇರುವ ಒಂದು ಪ್ಯಾಸಿವ್ ಡಿಐ ಬಾಕ್ಸನ್ನು ಗಿಟಾರ್ ಚೀಲದಲ್ಲೇ ಇಟ್ಟುಕೊಳ್ಳುವುದು ಮೇಲು. ಅದು ನೆಲದ ಸಂಪರ್ಕವನ್ನು ಬೇರ್ಪಡಿಸಿ ಆ ಗುಂಯ್‌ಗಾಟವನ್ನು, ಅಂದರೆ ಹಮ್ಮನ್ನು, ತಗ್ಗಿಸುತ್ತದೆ, ಮಿಕ್ಸರಿನಿಂದ ಬರುವ 48 ವೋಲ್ಟ್ ಫ್ಯಾಂಟಮ್ ಕರೆಂಟು ಯಂತ್ರಕ್ಕೆ ತಾಗದಂತೆಯೂ ತಡೆಯುತ್ತದೆ.

ಸ್ಟೀರಿಯೋ ಔಟ್‌ಪುಟ್ಟಿಗೆ ಹೆಚ್ಚು ಹಣ ಕೊಡುವ ಕಾರಣ ಇಲ್ಲಿ ಕಡಿಮೆ. ಊರ ಸೌಂಡ್ ಸಿಸ್ಟಮ್ ಬಹುತೇಕ ಮೊನೊದಲ್ಲೇ ನಡೆಯುತ್ತದೆ. ಎಡಬಲಕ್ಕೆ ಓಡಾಡುವ ಡಿಲೇ ಅರ್ಧ ಮಾತ್ರ ಕೇಳಿಸೀತು.

ಕಾಲಿಗೆ ಬೀಳುವ ಕೆಲಸ

ಹಾಡಿನ ಪಲ್ಲವಿಗೆ ಕೋರಸ್ ಬೆರೆತ ಶುಭ್ರ ದನಿ, ಚರಣಕ್ಕೆ ಅಕೌಸ್ಟಿಕ್ ಹೋಲುವ ಬಡಿತ, ನಡುವಿನ ಬಿಜಿಎಂಗೆ ಡಿಲೇ ಬೆರೆತ ಲೀಡ್, ಕುಣಿತದ ಹಾಡಿಗೆ ವಾವಾ: ಹೆಚ್ಚಿನ ರಸಮಂಜರಿ ಪಟ್ಟಿಗೆ ಇಂಥ ನಾಲ್ಕೈದು ಪ್ಯಾಚ್, ಅಂದರೆ ಮೊದಲೇ ಹೊಂದಿಸಿಟ್ಟ ದನಿಗಳು, ಸಾಕು. ಯಂತ್ರದೊಳಗೆ ನೂರಾರು ಪ್ಯಾಚ್ ಇದ್ದರೂ ಕಾಲಿಗೆ ಸಿಗುವುದು ಸ್ವಿಚ್ಚಿನಷ್ಟೇ. ಎರಡು ಮೂರು ಸ್ವಿಚ್ಚಿನ ಯಂತ್ರದಲ್ಲಿ ಒಂದನೇ ಪ್ಯಾಚಿನಿಂದ ನಾಲ್ಕಕ್ಕೆ ಹೋಗಲು ನಡುವಿನ ಎರಡನ್ನೂ ಹಾಯಬೇಕಾಗುತ್ತದೆ. ಬಾಸ್ ಜಿಟಿ-1 ಮತ್ತು ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಮೂರು ಸ್ವಿಚ್, ಪಾಡ್ ಗೋ ಮತ್ತು ಬಾಸ್ ಜಿಎಕ್ಸ್-100ರಲ್ಲಿ ಎಂಟು. ವೇದಿಕೆಗೆ ಕನಿಷ್ಠ ನಾಲ್ಕು ಸ್ವಿಚ್, ಜೊತೆಗೆ ವಾವಾ, ದನಿಮಟ್ಟಗಳನ್ನು ಕಾಲಿನಿಂದ ಏರಿಳಿಸುವ ಒಂದು ಎಕ್ಸ್‌ಪ್ರೆಶನ್ ಪೆಡಲ್ ಇದ್ದರೆ ಕೈ ಬಿಡುವಾಗಿ ಉಳಿಯುತ್ತದೆ. ಸ್ವಿಚ್ ಕಡಿಮೆ ಇರುವ ಯಂತ್ರದಲ್ಲಿ ಪ್ಯಾಚ್‌ಗಳನ್ನು ಹಾಡಿನ ಅನುಕ್ರಮಕ್ಕೆ ತಕ್ಕಂತೆ ಒಂದರ ಪಕ್ಕ ಒಂದು ಜೋಡಿಸಿಕೊಳ್ಳುವುದೇ ಉಪಾಯ.

ಪ್ಯಾಚ್ ಬದಲಿಸುವಾಗ ದನಿ ಕ್ಷಣಕಾಲ ನಿಲ್ಲುವುದು ಅಗ್ಗದ ಯಂತ್ರಗಳ ಸಾಮಾನ್ಯ ಕೊರತೆ. ಒಂದೇ ಪ್ಯಾಚಿನೊಳಗೆ ಇಫೆಕ್ಟುಗಳನ್ನು ಗುಂಪಾಗಿ ಆನ್-ಆಫ್ ಮಾಡುವ ಸ್ನ್ಯಾಪ್‌ಶಾಟ್ ಅಥವಾ ಸೀನ್ ಸೌಲಭ್ಯ ಇದ್ದರೆ ಈ ವಿರಾಮ ಬಹಳ ಮಟ್ಟಿಗೆ ತಪ್ಪುತ್ತದೆ, ಹಿಂದಿನ ಡಿಲೇಯ ಬಾಲವೂ ತುಂಡಾಗುವುದಿಲ್ಲ. ಕಾಲಿನಿಂದ ತಾಳ ತಟ್ಟಿ ಡಿಲೇಯ ಅಂತರ ಹೊಂದಿಸುವ ಟ್ಯಾಪ್ ಟೆಂಪೊ ಕೂಡ ಬೇಕಾದದ್ದೇ. ನಿಮಿಷಕ್ಕೆ 120 ಪೆಟ್ಟಿನ ಹಾಡಿಗೆ ಒಂದು ಪೆಟ್ಟಿನ ಡಿಲೇ 500 ಮಿಲಿಸೆಕೆಂಡು. ಹಾಡಿನ ಓಟ ಬದಲಾದರೆ ಅದೂ ಬದಲಾಗಬೇಕು, ಇಲ್ಲವಾದರೆ ಮರುದನಿ ಢೋಲಕಿನ ಪೆಟ್ಟಿಗೆ ಅಡ್ಡ ಬರುತ್ತದೆ.

ಸಂಕೇತ ಒಳಹೋಗಿ ಹೊರಬರಲು ಹಿಡಿಯುವ ವಿಳಂಬದ ಬಗ್ಗೆ ಅನೇಕರಿಗೆ ಆತಂಕವಿದೆ. ಈಗಿನ ಬಹುತೇಕ ಯಂತ್ರಗಳಲ್ಲಿ ಅದು ಕೆಲವೇ ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಸ್ಪೀಕರಿನಿಂದ ಒಂದೆರಡು ಹೆಜ್ಜೆ ಹಿಂದೆ ನಿಂತು ನುಡಿಸಿದಾಗ ಆಗುವ ತಡಕ್ಕಿಂತ ಇದು ಹೆಚ್ಚೇನಲ್ಲ.

ಪೇಟಿಯ ಶ್ರುತಿಗೆ ಗಿಟಾರು

ಇಲ್ಲಿನ ಹಾಡುಗಾರರು ಶ್ರುತಿಯನ್ನು ಕರಿ ಒಂದು, ಕರಿ ಎರಡು ಎಂದು ಪೇಟಿಯ ಮನೆಗಳಲ್ಲಿ ಹೇಳುತ್ತಾರೆ. ಕರಿ ಒಂದು ಎಂದರೆ ಸಿ ಶಾರ್ಪ್, ಎರಡು ಡಿ ಶಾರ್ಪ್, ಮೂರು ಎಫ್ ಶಾರ್ಪ್, ನಾಲ್ಕು ಜಿ ಶಾರ್ಪ್, ಐದು ಎ ಶಾರ್ಪ್. ಗಿಟಾರಿನ ಬಿಡಿ ತಂತಿಯ ಸುಲಭ ಕಾರ್ಡ್‌ಗಳು ಸಿ, ಡಿ, ಜಿ, ಎಗಳಲ್ಲಿವೆ; ಅಂದರೆ ಬಹುತೇಕ ಕರಿ ಮನೆಗಳು ಅವುಗಳಿಗಿಂತ ಅರ್ಧ ಸ್ವರ ಮೇಲೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕೇಪೊ ಎಂಬ ಕ್ಲಿಪ್ಪನ್ನು ಮೊದಲ ಫ್ರೆಟ್ಟಿಗೆ ಹಾಕಿದರೆ ಕರಿ ಒಂದು, ಎರಡು, ನಾಲ್ಕು, ಐದು ನಾಲ್ಕೂ ಪರಿಚಿತ ಬೆರಳಿಟ್ಟೇ ಸಿಗುತ್ತವೆ. ಕರಿ ಮೂರಕ್ಕೆ ಎರಡನೇ ಫ್ರೆಟ್ಟಿಗೆ ಕೇಪೊ ಹಾಕಿ ಇ ಕಾರ್ಡ್ ಹಿಡಿದರಾಯಿತು.

ಪ್ರೊಸೆಸರ್‌ನ ಪಿಚ್ ಶಿಫ್ಟರ್ ಇದೇ ಕೆಲಸವನ್ನು ಒಂದು ಒತ್ತಿನಲ್ಲಿ ಮಾಡಬಲ್ಲದು. ಗಾಯಕ ಇಳಿದು ಗಾಯಕಿ ಬರುವ ಹೊತ್ತಿಗೆ ಕೇಪೊ ಜರುಗಿಸಲು ಸಮಯವಿಲ್ಲದಾಗ ಅದರ ಉಪಯೋಗ ತಿಳಿಯುತ್ತದೆ. ಆದರೆ ಒಂಟಿ ಸ್ವರವನ್ನು ಎತ್ತುವುದು ಯಂತ್ರಕ್ಕೆ ಸುಲಭ, ಆರು ತಂತಿಯ ಕಾರ್ಡನ್ನು ಎತ್ತುವುದು ಕಷ್ಟ. ಅಗ್ಗದ ಯಂತ್ರಗಳಲ್ಲಿ ಕಾರ್ಡು ನಡುಗುತ್ತದೆ, ತಡವೂ ಹೆಚ್ಚುತ್ತದೆ. ಆದ್ದರಿಂದ ಅಂಗಡಿಯಲ್ಲಿ ಪೂರ್ಣ ಕಾರ್ಡ್ ಬಡಿದೇ ಇದನ್ನು ಪರೀಕ್ಷಿಸಬೇಕು. ಈ ಒಂದು ಸೌಲಭ್ಯಕ್ಕಾಗಿ ಮೇಲಿನ ದರ್ಜೆಯ ಯಂತ್ರ ಕೊಳ್ಳುವ ಬದಲು ಒಂದು ಕೇಪೊ ಕೊಳ್ಳುವುದು ಲೇಸು.

ಹಳೆಯ ಪೇಟಿಗಳು 440 ಹರ್ಟ್ಸ್‌ನ ಅಳತೆಗೆ ಕರಾರುವಾಕ್ಕಾಗಿ ಕೂಡದಿರುವುದೂ ಉಂಟು. ಕೀಬೋರ್ಡಿನಂತೆ ಪೇಟಿಯ ಶ್ರುತಿಯನ್ನು ಅಲ್ಲೇ ತಿರುಗಿಸಿ ಸರಿಪಡಿಸಲಾಗದು. ಪ್ರೊಸೆಸರ್‌ನ ಟ್ಯೂನರಿನಲ್ಲಿ ಆಧಾರ ಸ್ವರವನ್ನು ಕೆಲವು ಹರ್ಟ್ಸ್ ಮೇಲೆಕೆಳಗೆ ಸರಿಸುವ ಅವಕಾಶವಿದ್ದರೆ ಗಿಟಾರೇ ಪೇಟಿಗೆ ಹೊಂದಿಕೊಳ್ಳುತ್ತದೆ. ಭಜನೆ, ಜನಪದ ಮೇಳಗಳೊಡನೆ ನುಡಿಸುವವರು ಇದನ್ನು ತಪ್ಪದೆ ನೋಡಬೇಕು.

ಪಿಕಪ್ ಇರುವ ಅಕೌಸ್ಟಿಕ್ ಗಿಟಾರನ್ನೇ ಹೆಚ್ಚಾಗಿ ನುಡಿಸುವವರಿಗೆ ಆಂಪ್ ಅನುಕರಣೆ ಬೇಕಿಲ್ಲ. ಅವರಿಗೆ ಬೇಕಾದದ್ದು ಈಕ್ವಲೈಜರ್, ಕಂಪ್ರೆಸರ್, ರಿವರ್ಬ್ ಮತ್ತು ಮಾನಿಟರಿನ ಕೂಗನ್ನು ಕತ್ತರಿಸುವ ನಾಚ್ ಫಿಲ್ಟರ್. ಎಲೆಕ್ಟ್ರಿಕ್‌ಗೆಂದು ಮಾಡಿದ ಯಂತ್ರದಲ್ಲೂ ಆಂಪ್ ಮತ್ತು ಕ್ಯಾಬಿನೆಟ್ ಬ್ಲಾಕುಗಳನ್ನು ಆಫ್ ಮಾಡಿ ಒಂದು ಅಕೌಸ್ಟಿಕ್ ಪ್ಯಾಚ್ ಮಾಡಿಟ್ಟುಕೊಳ್ಳಬಹುದು.

ಮನೆಯಲ್ಲಿ

ಮನೆಯ ಬಳಕೆಗೆ ಮೂರು ಸೌಲಭ್ಯಗಳು ಮುಖ್ಯ: ಹೆಡ್‌ಫೋನ್ ಜ್ಯಾಕ್, ತಾಳ ಕೊಡುವ ರಿದಮ್ ಪೆಟ್ಟಿಗೆ ಹಾಗೂ ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪರ್, ಕಂಪ್ಯೂಟರಿಗೆ ನೇರ ಧ್ವನಿ ಕಳಿಸುವ ಯುಎಸ್‌ಬಿ ಆಡಿಯೋ. ಕೊನೆಯದರಲ್ಲಿ ಎಚ್ಚರ ಬೇಕು. ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಧ್ವನಿಮುದ್ರಣ ಸಾಧ್ಯವೆಂದಲ್ಲ. ಜಿಟಿ-1ರ ಯುಎಸ್‌ಬಿ ಧ್ವನಿಯನ್ನೂ ಸಾಗಿಸುತ್ತದೆ. ಝೂಮ್ ಜಿ1 ಫೋರ್‌ನದು ಪ್ಯಾಚ್ ತಿದ್ದಲು, ಫರ್ಮ್‌ವೇರ್ ಬದಲಿಸಲು ಮಾತ್ರ. ಹಾಡು ಮುದ್ರಿಸಿ ಯೂಟ್ಯೂಬಿಗೆ ಹಾಕುವ ಉದ್ದೇಶವಿದ್ದರೆ ಈ ವ್ಯತ್ಯಾಸ ದೊಡ್ಡದು.

ಮನೆಯಲ್ಲಿ ಮಾಡಿದ ಪ್ಯಾಚ್ ವೇದಿಕೆಯಲ್ಲಿ ಕೈಕೊಡುವುದು ಎಲ್ಲರ ಅನುಭವ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ತೋರಿಸಿದಂತೆ, ಮೆಲುದನಿಯಲ್ಲಿ ಕಿವಿ ಮಂದ್ರ ಮತ್ತು ತಾರದ ತುದಿಗಳನ್ನು ಕಡಿಮೆ ಗ್ರಹಿಸುತ್ತದೆ, ಜೋರುದನಿಯಲ್ಲಿ ಹೆಚ್ಚು. ಕೋಣೆಯಲ್ಲಿ ತುಂಬಿಕೊಂಡಂತೆ ಕೇಳಿದ ದನಿ ಬಯಲಿನಲ್ಲಿ ಕೆಳಗೆ ಗುಡುಗಿ ಮೇಲೆ ಚುಚ್ಚುತ್ತದೆ. ಪರಿಹಾರ ಸರಳ: ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 6,000-7,000 ಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸುವುದು, ರಿವರ್ಬ್ ಅರ್ಧಕ್ಕೆ ಇಳಿಸುವುದು, ಡಿಸ್ಟಾರ್ಶನ್ ತಗ್ಗಿಸಿ ಮಧ್ಯದ ಸ್ವರಾಂಶ ಹೆಚ್ಚಿಸುವುದು. ಕೆಳಗಿನ ಜಾಗ ಬೇಸ್ ಗಿಟಾರಿನದು, ಢೋಲಕಿನದು. ಪ್ರತಿ ಪ್ಯಾಚನ್ನೂ ಎರಡು ಪ್ರತಿ ಮಾಡಿ ಒಂದನ್ನು ಮನೆಗೆ, ಒಂದನ್ನು ವೇದಿಕೆಗೆ ಮೀಸಲಿಟ್ಟರೆ ಒಂದೇ ಯಂತ್ರ ಎರಡಕ್ಕೂ ಸಾಕಾಗುತ್ತದೆ. ಪ್ಯಾಚ್‌ಗಳ ದನಿಮಟ್ಟವನ್ನು ಕಿವಿಯಿಂದಷ್ಟೇ ಅಳೆಯದೆ ಮಿಕ್ಸರ್ ಅಥವಾ ಕಂಪ್ಯೂಟರಿನ ಮೀಟರ್ ನೋಡಿ ಸರಿದೂಗಿಸಬೇಕು; ಲೀಡ್ ಪ್ಯಾಚ್ 3-4 ಡೆಸಿಬೆಲ್ ಮೇಲಿದ್ದರೆ ಸಾಕು.

ಕರೆಂಟಿನ ಮಾತು

ಸಣ್ಣ ಯಂತ್ರಗಳಿಗೆ ಸಾಮಾನ್ಯವಾಗಿ 9 ವೋಲ್ಟ್ ಡಿಸಿ ಅಡಾಪ್ಟರ್ ಬೇಕು, ಅದರ ಪಿನ್ನಿನ ಒಳಬದಿ ಋಣ. ವೈಫೈ ರೂಟರುಗಳ 9 ವೋಲ್ಟ್ ಅಡಾಪ್ಟರಿನಲ್ಲಿ ಹೆಚ್ಚಾಗಿ ಒಳಬದಿ ಧನ. ಪಿನ್ನು ಕೂಡುತ್ತದೆಂದು ಅದನ್ನು ಸಿಕ್ಕಿಸಿದರೆ ಯಂತ್ರ ಸುಡಬಹುದು. ಆಂಪಿಯರ್ ಕೂಡ ನೋಡಬೇಕು: ಸಣ್ಣವಕ್ಕೆ ಅರ್ಧ ಆಂಪಿಯರ್ ಸಾಕಾದರೆ ಪಾಡ್ ಗೋ, ಎಚ್‌ಎಕ್ಸ್ ಸ್ಟಾಂಪ್‌ಗಳಿಗೆ 3 ಆಂಪಿಯರಿನ ಅಡಾಪ್ಟರ್ ಬೇಕು. ಊರಿನಲ್ಲಿ ಅದು ಕೆಟ್ಟರೆ ತಕ್ಷಣಕ್ಕೆ ಬದಲಿ ಸಿಗುವುದು ಕಷ್ಟ. ಆದ್ದರಿಂದ ಎರಡನೇ ಅಡಾಪ್ಟರನ್ನು ಯಂತ್ರದ ಬೆಲೆಯ ಭಾಗವೆಂದೇ ಎಣಿಸಬೇಕು.

ವಿದ್ಯುತ್ ಕಂಪನಿ ಹೆಸ್ಕಾಂನ ಲೈನಿನಿಂದ ಜನರೇಟರಿಗೆ, ಜನರೇಟರಿನಿಂದ ಲೈನಿಗೆ ಬದಲಾಗುವಾಗ ಕ್ಷಣಮಾತ್ರ ಕರೆಂಟು ಹೋಗುತ್ತದೆ. ಕೀಬೋರ್ಡಿನಂತೆ ಪ್ರೊಸೆಸರೂ ಮತ್ತೆ ಮೊದಲಿನಿಂದ ಶುರುವಾಗಬೇಕು. ದೊಡ್ಡ ಯಂತ್ರಗಳು ಅದಕ್ಕೆ ಹಲವು ಸೆಕೆಂಡು ತೆಗೆದುಕೊಳ್ಳುತ್ತವೆ. ಡಬಲ್ ಎ ಬ್ಯಾಟರಿಯಲ್ಲೂ ನಡೆಯುವ ಝೂಮ್ ಜಿ1 ಫೋರ್, ಬಾಸ್ ಜಿಟಿ-1, ಎಂಇ-80, ಎಂಇ-90ಗಳಿಗೆ ಈ ಸೀಮೆಯಲ್ಲಿ ಹೆಚ್ಚಿನ ಬೆಲೆ ಬರುವುದು ಇಲ್ಲೇ. ಬ್ಯಾಟರಿಯಲ್ಲಿ ನಡೆಸಿದರೆ ಅಡಾಪ್ಟರಿನಿಂದ ಬರುವ ಹಮ್ಮೂ ಇರುವುದಿಲ್ಲ.

ಅರ್ಥಿಂಗ್ ಇಲ್ಲದ ವೇದಿಕೆಯಲ್ಲಿ ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯಬಹುದು. ಅದನ್ನು ಯಂತ್ರದ ದೋಷವೆಂದು ತಿಳಿಯುವುದು ತಪ್ಪು. ಹಮ್ಮು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವುದು ಪ್ರಾಣಾಪಾಯದ ಕೆಲಸ. ಹಮ್ಮಿಗೆ ಡಿಐ ಬಾಕ್ಸಿನಲ್ಲಿ ನೆಲದ ಸಂಪರ್ಕ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಶಾಕಿಗೆ ಮಾತ್ರ ವೈರಿಂಗ್ ಸರಿಪಡಿಸುವುದೊಂದೇ ದಾರಿ.

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳ ಸವದತ್ತಿ ಯಲ್ಲಮ್ಮನ ಜಾತ್ರೆಯ ದಿನಗಳು ಧೂಳಿನವು. ರಾತ್ರಿಯ ಕಾರ್ಯಕ್ರಮಗಳಲ್ಲಿ ಇಬ್ಬನಿಯೂ ಸೇರುತ್ತದೆ. ಯರಿಮಣ್ಣಿನ ನುಣುಪು ಧೂಳು ಸ್ವಿಚ್ಚು, ನಾಬುಗಳೊಳಗೆ ಇಳಿದು ಕರಕರ ಸದ್ದು ಹುಟ್ಟಿಸುತ್ತದೆ. ಲೋಹದ ಕವಚ, ಮುಚ್ಚಳದ ಚೀಲ ಇದ್ದ ಯಂತ್ರ ಹೆಚ್ಚು ಬಾಳುತ್ತದೆ. ಟಚ್ ಸ್ಕ್ರೀನ್ ಮನೆಯಲ್ಲಿ ಅನುಕೂಲ. ಧೂಳು, ಬೆವರಿನ ನಡುವೆ ತಿರುಗಿಸುವ ನಾಬೇ ನಂಬಿಕೆಗೆ ಅರ್ಹ.

ದರ್ಜೆಗಳು

ಬೆಲೆಗಳು ವರ್ಷವರ್ಷಕ್ಕೆ ಬದಲಾದರೂ ದರ್ಜೆಗಳು ಸ್ಪಷ್ಟವಾಗಿವೆ. ಮೊದಲ ದರ್ಜೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನದು. 2019ರಲ್ಲಿ ಬಂದ ಝೂಮ್ ಜಿ1ಎಕ್ಸ್ ಫೋರ್ ಇದರ ಮಾದರಿ: ಎಕ್ಸ್‌ಪ್ರೆಶನ್ ಪೆಡಲ್, ಬ್ಯಾಟರಿ, ಲೂಪರ್, ಒಟ್ಟಿಗೆ ಐದು ಇಫೆಕ್ಟು. ಹೆಡ್‌ಫೋನಿಗೂ ಮಿಕ್ಸರಿಗೂ ಒಂದೇ ಜ್ಯಾಕ್ ಇರುವುದು, ಸ್ವಿಚ್ ಎರಡೇ ಇರುವುದು ಇದರ ಮಿತಿ. ಕಲಿಯುವವರಿಗೆ, ವರ್ಷಕ್ಕೆ ಒಂದೆರಡು ಬಾರಿ ವೇದಿಕೆ ಹತ್ತುವವರಿಗೆ ಇದು ಸಾಕು.

ಎರಡನೆಯದು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ಸಾವಿರದ ನಡುವಿನದು. ಜಿಟಿ-1, ವಾಲೆಟನ್ ಜಿಪಿ-100, ಎನ್‌ಯುಎಕ್ಸ್ ಎಂಜಿ-300, ಮೂರ್ ಜಿಇ150 ಮೊದಲಾದವು ಈ ಸಾಲಿನವು. ಯುಎಸ್‌ಬಿ ಆಡಿಯೋ, ಉತ್ತಮ ಕ್ಯಾಬಿನೆಟ್ ಅನುಕರಣೆ, ಕೆಲವದರಲ್ಲಿ ಐಆರ್ ಇಲ್ಲಿಂದ ಸಿಗುತ್ತವೆ. ಮನೆ ಮತ್ತು ರಸಮಂಜರಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ನಡೆಸಬೇಕೆನ್ನುವ ಹೆಚ್ಚಿನವರಿಗೆ ತಕ್ಕ ದರ್ಜೆ ಇದು. ಮೆನುಗಳೊಳಗೆ ಹುಡುಕಾಡಲು ಇಷ್ಟವಿಲ್ಲದವರು ಪ್ರತಿ ಇಫೆಕ್ಟಿಗೂ ಬೇರೆ ನಾಬುಗಳಿರುವ ಬಾಸ್ ಎಂಇ ಸಾಲನ್ನು ನೋಡಬಹುದು. ಬೆಲೆ ತುಸು ಮೇಲೆ ಹೋಗುತ್ತದೆ.

ಮೂರನೆಯದರಲ್ಲಿ ಪಾಡ್ ಗೋ, ಎಚ್‌ಎಕ್ಸ್ ಸ್ಟಾಂಪ್, ಜಿಎಕ್ಸ್-100 ಬರುತ್ತವೆ. ವಾರಕ್ಕೊಮ್ಮೆ ವೇದಿಕೆಯಿರುವ, ಸಂಪಾದನೆಯೇ ಅದಾಗಿರುವ ವಾದಕರಿಗೆ ಅವುಗಳಲ್ಲಿ ಕೆಲವದರ ಹೆಚ್ಚಿನ ಸ್ವಿಚ್ಚು, ಕೆಲವದರ ಸ್ನ್ಯಾಪ್‌ಶಾಟ್‌ಗಳು ಹಣ ದುಡಿದುಕೊಡುತ್ತವೆ. ಹೀಲಿಕ್ಸ್, ಕೆಂಪರ್ ಸ್ಟೇಜ್, ಕ್ವಾಡ್ ಕಾರ್ಟೆಕ್ಸ್‌ಗಳ ಕೊನೆಯ ದರ್ಜೆ ಧ್ವನಿಮುದ್ರಣ ಸ್ಟುಡಿಯೋಗೆ, ತಮ್ಮದೇ ರಚನೆಗಳ ಬ್ಯಾಂಡಿಗೆ ಹೊಂದುವಂಥದು. ಊರ ಮಿಕ್ಸರಿನ ಮೂಲಕ ಕೇಳುವ ಸಭಿಕರಿಗೆ ಎರಡನೇ ದರ್ಜೆಗೂ ನಾಲ್ಕನೆಯದಕ್ಕೂ ಇರುವ ದನಿಯ ಅಂತರ ಹೆಚ್ಚು ತಿಳಿಯುವುದಿಲ್ಲ.

ಕೊಳ್ಳುವಾಗ

ಅಂಗಡಿಯ ಗಿಟಾರ್ ಆಂಪ್ಲಿಫೈಯರಿಗೆ ಸಿಕ್ಕಿಸಿ ಕೇಳಿದ ದನಿ ವೇದಿಕೆಯದಲ್ಲ. ಬೆಳಗಾವಿಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ವಾದಕರು ತಮ್ಮದೇ ಗಿಟಾರ್ ಒಯ್ದು ಮಿಕ್ಸರ್ ಇಲ್ಲವೇ ಕೀಬೋರ್ಡ್ ಆಂಪ್ಲಿಫೈಯರಿಗೆ ಸಿಕ್ಕಿಸಿ ಕೇಳುವುದು ಸರಿಯಾದ ಪರೀಕ್ಷೆ. ತಯಾರಕರು ತುಂಬಿಟ್ಟ ಪ್ಯಾಚ್‌ಗಳು ಕಿವಿ ಸೆಳೆಯಲೆಂದು ಮಾಡಿದವು. ಒಂದು ಖಾಲಿ ಪ್ಯಾಚಿನಲ್ಲಿ ಆಂಪ್, ಕ್ಯಾಬಿನೆಟ್ ಮಾತ್ರ ಇಟ್ಟು, ಕೈಪಿಡಿ ನೋಡದೆ ಹತ್ತು ನಿಮಿಷದಲ್ಲಿ ಒಂದು ಶುಭ್ರ ದನಿ ಕಟ್ಟಲು ಆದರೆ ಆ ಯಂತ್ರ ಒಗ್ಗುತ್ತದೆ.

ಹಳೆಯದನ್ನು ಕೊಳ್ಳುವವರು ಪ್ರತಿ ಸ್ವಿಚ್ಚನ್ನೂ ಹಲವು ಸಲ ಒತ್ತಿ, ಪೆಡಲನ್ನು ತುದಿಯಿಂದ ತುದಿಗೆ ತುಳಿದು, ಜ್ಯಾಕಿನ ಬಳಿ ವೈರು ಅಲುಗಾಡಿಸಿ ದನಿ ಕಡಿಯುತ್ತದೆಯೇ ನೋಡಬೇಕು. ಕಂಪ್ಯೂಟರಿಗೆ ಜೋಡಿಸಿ, ಅದರ ಸಾಫ್ಟ್‌ವೇರ್ ಈಗಿನ ವಿಂಡೋಸ್‌ನಲ್ಲಿ ಇನ್ನೂ ನಡೆಯುತ್ತದೆಯೇ ಎಂಬುದನ್ನೂ ತಿಳಿಯಬೇಕು. ಕಂಪನಿ ಕೈಬಿಟ್ಟ ಮಾದರಿಗಳಲ್ಲಿ ಮೊದಲು ನಿಲ್ಲುವುದು ಅದೇ. ಹೊಸದಾದರೆ ಬಿಲ್ಲು, ವಾರಂಟಿ ಮತ್ತು ರಿಪೇರಿಗೆ ಯಂತ್ರವನ್ನು ಯಾವ ಊರಿಗೆ ಕಳಿಸಬೇಕು ಎಂಬುದನ್ನು ಕೇಳಿಕೊಳ್ಳುವುದು ಒಳಿತು. ಡಿಐ ಬಾಕ್ಸ್, ಎರಡನೇ ಅಡಾಪ್ಟರ್, ಎರಡು ಒಳ್ಳೆಯ ವೈರು, ಗಟ್ಟಿ ಚೀಲ ಇವುಗಳ ಖರ್ಚನ್ನು ಮೊದಲೇ ಬದಿಗಿಟ್ಟು, ಉಳಿದ ಹಣದಲ್ಲಿ ಸಿಗುವ ದರ್ಜೆಯ ಯಂತ್ರವನ್ನು ಆರಿಸುವುದು ಕ್ರಮ.